ಹಟ್ಟಿ ಗೋಡೆಗೆ ಸಿಮೆಂಟ್ ಸಾರಣೆ ಬೇಡ

ಉಡುಪಿ ಕಡೆಯ ಹಳೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಟ್ಟಿಯನ್ನು, ಅಂದರೆ ದನದ ಕೊಟ್ಟಿಗೆಯನ್ನು, ಮನೆ ಮಾಡುವಾಗ ಒಳಗೋಡೆಗೆ ಸಿಮೆಂಟ್ ಸಾರಣೆ ಸಾಕೇ, ಹಳೆ ಹಂಚು ಉಳಿಸಬಹುದೇ ಎಂದು ಕೇಳಿದ್ದೀರಿ.

ಸಿಮೆಂಟ್ ಬೇಡವೇ ಬೇಡ. ವರ್ಷಗಟ್ಟಲೆ ಗಂಜಲ ಹೀರಿದ ಕಲ್ಲಿನ ಬುಡದಲ್ಲಿ ಲವಣ ತುಂಬಿರುತ್ತದೆ. ಮಳೆಗಾಲದಲ್ಲಿ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಸಿಮೆಂಟ್ ಆ ತೇವವನ್ನು ಒಳಗೇ ಕಟ್ಟಿಹಾಕುವುದರಿಂದ ಸಾರಣೆ ಉಬ್ಬಿ ಕಳಚುತ್ತದೆ, ಜೊತೆಗೆ ಕಲ್ಲಿನ ಮೈಯೂ ಉದುರುತ್ತದೆ. ಮೊದಲು ನೆಲದ ಮೇಲಿನ ಗಂಜಲ ಕುಡಿದ ಮಣ್ಣನ್ನು ಒಂದಡಿಯಾದರೂ ಅಗೆದು ಹೊರಹಾಕಿ. ಗೋಡೆಯ ಬುಡದ ಮೂರು ಅಡಿ ಕೆರೆದು, ಒಣ ಬ್ರಷ್‌ನಿಂದ ಬಿಳಿಪುಡಿ ತೆಗೆಯಿರಿ. ನೀರು ಹಾಕಿ ತೊಳೆದರೆ ಲವಣ ಮತ್ತೆ ಒಳಗಿಳಿಯುತ್ತದೆ. ಆಮೇಲೆ ಕಾಗದದ ತಿರುಳನ್ನು ಒದ್ದೆಮಾಡಿ ದಪ್ಪಕ್ಕೆ ಮೆತ್ತಿ; ಒಣಗುತ್ತಾ ಅದು ಕಲ್ಲಿನೊಳಗಿನ ಲವಣವನ್ನು ಹೊರಗೆಳೆಯುತ್ತದೆ. ಪೂರ್ತಿ ಒಣಗಿದ ಮೇಲೆ ಕಿತ್ತು ಎಸೆಯಿರಿ. ಎರಡು ಮೂರು ಸಲ ಬೇಕಾಗಬಹುದು. ಕೊನೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ. ಇದನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿ.

ಹಂಚು ಖಂಡಿತ ಉಳಿಸಿ. ಬೆರಳಿನಿಂದ ತಟ್ಟಿದಾಗ ಟಣ್ ಎಂದರೆ ಗಟ್ಟಿ, ಮಂದ ಸದ್ದು ಬಂದರೆ ಬಿರುಕು. 100 ಚದರ ಅಡಿಗೆ ಸುಮಾರು 150 ಹಂಚು ಬೇಕು. ಕಡಿಮೆ ಬಿದ್ದರೆ ಅದೇ ಕಾರ್ಖಾನೆಯ ಮುದ್ರೆ ಇರುವುದನ್ನೇ ಹುಡುಕಿ. ಬೇರೆಯದರ ತೋಡು ಸರಿಯಾಗಿ ಕೂರದೆ ಸೋರುತ್ತದೆ. ಹಂಚು ಕೂರುವ ಮರದ ಪಟ್ಟಿಗಳ, ಅಂದರೆ ರೀಪಿನ, ಅಂತರವನ್ನೂ ಆ ಹಂಚನ್ನೇ ಇಟ್ಟು ಅಳೆಯಿರಿ, ಬಡಗಿಯ ಅಂದಾಜಿಗೆ ಬಿಡಬೇಡಿ.