ಆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ, ತಾಯಿ

ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ಯಜಮಾನರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯನ್ನೂ ಎರಡು ಮಳಿಗೆಗಳನ್ನೂ ನಿಮ್ಮ ಹೆಸರಿಗೆ ಉಯಿಲು ಬರೆದು ಹೋಗಿದ್ದಾರೆ. ಬಾಡಿಗೆ ಹಣದಲ್ಲಿ ನೀವು ಬಡ ವಿದ್ಯಾರ್ಥಿಗಳ ಹಾಸ್ಟೆಲಿಗೆ ಅಕ್ಕಿ, ಬೇಳೆ ಕೊಡಿಸುತ್ತೀರಿ. ‘ಅಪ್ಪನ ದುಡ್ಡು ಹಾಳು ಮಾಡುತ್ತಿದ್ದೀಯ’ ಎಂದು ಇಬ್ಬರು ಗಂಡುಮಕ್ಕಳೂ ಲೆಕ್ಕ ಕೇಳುತ್ತಿದ್ದಾರೆ. ಜರ್ಮನಿಯಲ್ಲಿರುವ ಚಿಕ್ಕವನು ನಿಮ್ಮನ್ನು ಕ್ವೆಡ್ಲಿನ್‌ಬರ್ಗ್‌ಗೆ ಕರೆದೊಯ್ದು ರಾಣಿ ಮಟಿಲ್ಡಾಳ ಸಮಾಧಿ ತೋರಿಸಿದನಂತೆ. ಮಕ್ಕಳು ದೂರಿದಾಗ ಎಲ್ಲವನ್ನೂ ಬಿಟ್ಟುಕೊಟ್ಟು ಸಂತಳಾದವಳಂತೆ. ನಾನೂ ಹಕ್ಕು ಬಿಟ್ಟುಕೊಟ್ಟರೆ ಮನೆಯಲ್ಲಿ ನೆಮ್ಮದಿ ಬಂದೀತೇ ಎಂದು ಕೇಳಿದ್ದೀರಿ.

ನಿಮಗೆ ಅರ್ಧ ಕಥೆ ಮಾತ್ರ ಹೇಳಿದ್ದಾರೆ. ಉಳಿದದ್ದನ್ನು ಕೇಳಿ.

929ರಲ್ಲಿ ಜರ್ಮನಿಯ ಸ್ಯಾಕ್ಸನ್ ದೊರೆ ಒಂದನೇ ಹೆನ್ರಿ ತನ್ನ ನಂತರ ಹೆಂಡತಿ ಮಟಿಲ್ಡಾಳ ಬಾಳುವೆಗೆಂದು ಕ್ವೆಡ್ಲಿನ್‌ಬರ್ಗ್, ನೋರ್ಡ್‌ಹೌಸೆನ್ ಮೊದಲಾದ ಊರುಗಳನ್ನು ಬರೆದುಕೊಟ್ಟ. ಮಗ ಒಟ್ಟೋ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿದ್ದ. 936ರಲ್ಲಿ ಹೆನ್ರಿ ತೀರಿಕೊಂಡ. ಮಟಿಲ್ಡಾ ಗಂಡನ ಸಮಾಧಿಯ ಬಳಿ ಮಠ ಕಟ್ಟಿಸಿ ದಾನಧರ್ಮಕ್ಕೆ ನಿಂತಳು. ಒಪ್ಪಿಗೆ ಕೊಟ್ಟಿದ್ದ ಅದೇ ಮಗ, ಈಗ ರಾಜನಾಗಿ, ತಾಯಿ ಬೊಕ್ಕಸ ಬರಿದು ಮಾಡುತ್ತಿದ್ದಾಳೆ ಎಂದು ದೂರಿದ. ಅವಳು ಹೆಚ್ಚು ಮುದ್ದು ಮಾಡಿದ್ದ, ಸಿಂಹಾಸನ ಇವನಿಗೇ ಸಿಗಲಿ ಎಂದು ಬಯಸಿದ್ದ ಎರಡನೆಯ ಮಗ ಹೆನ್ರಿಯೂ ಅಣ್ಣನ ಜೊತೆ ಸೇರಿಕೊಂಡ. ಅವಳು ಆಸ್ತಿ ಬಿಟ್ಟು ವೆಸ್ಟ್‌ಫಾಲಿಯಾದ ಎಂಗರ್‌ಗೆ ಹೋದಳು ಎನ್ನುತ್ತವೆ ಅವಳ ಮರಣಾನಂತರ ಬರೆದ ಚರಿತ್ರೆಗಳು. ನಿಮ್ಮ ಮಗ ಕಥೆ ನಿಲ್ಲಿಸಿದ್ದು ಅಲ್ಲಿಗೆ.

ಅವಳು ವಾಪಸ್ ಬಂದಳು, ತಾಯಿ. ಒಟ್ಟೋ ಅವಳನ್ನು ಕರೆಸಿಕೊಂಡು ಅವಳದ್ದನ್ನು ಅವಳಿಗೆ ಒಪ್ಪಿಸಿದ. ಆಮೇಲೆಯೇ ನೋರ್ಡ್‌ಹೌಸೆನ್ ಮಠ ಎದ್ದಿತು. 968ರ ಮಾರ್ಚ್ 14ರಂದು ಕ್ವೆಡ್ಲಿನ್‌ಬರ್ಗ್‌ನಲ್ಲಿ ಕಣ್ಣು ಮುಚ್ಚುವವರೆಗೂ ಆಕೆ ಕೊಡುತ್ತಲೇ ಇದ್ದಳು. ಕೈಯಲ್ಲಿ ಏನಾದರೂ ಇದ್ದುದರಿಂದ ಕೊಟ್ಟಳು. ಒಟ್ಟೋನ ಮನಸ್ಸು ತಿರುಗಿಸಿದವಳು ಯಾರು ಗೊತ್ತೇ? ಅವನ ಹೆಂಡತಿ, ಇಂಗ್ಲೆಂಡಿನಿಂದ ಬಂದ ಸೊಸೆ ಈಡಿತ್ ಎನ್ನುತ್ತವೆ ಅದೇ ಚರಿತ್ರೆಗಳು.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಹಿರಿಸೊಸೆಯ ಮೇಲೆ ಎರಡು ಪುಟ ದೂರಿದ್ದೀರಿ. ನಡುವೆ ಒಂದು ಸಾಲು: ‘ಹಕ್ಕು ಬಿಡುಗಡೆ ಪತ್ರದ ಕರಡನ್ನು ಚಿಕ್ಕವನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ, ಪಾಪ, ನನಗೆ ಓಡಾಟ ಬೇಡ ಎಂದು.’ ಆ ‘ಪಾಪ’ವನ್ನು ಅಳಿಸಿ ಮತ್ತೊಮ್ಮೆ ಓದಿ. ದೊಡ್ಡವನು ಒರಟ, ಆದರೆ ಎದುರಿಗೆ ನಿಂತು ಕೇಳುತ್ತಾನೆ. ಆಸ್ತಿಯನ್ನು ಬರೆಸಿಕೊಳ್ಳಲು ಕಾಗದ ಸಿದ್ಧಪಡಿಸಿದವನು ನಿಮ್ಮ ಮುದ್ದಿನ ಮಗ. ನಿಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುವ ಮೊದಲೇ ತಂದಿಡುವವಳು ಹಿರಿಸೊಸೆ ಎಂಬುದನ್ನೂ ನೀವೇ ಬರೆದಿದ್ದೀರಿ, ದೂರಿನ ನಡುವೆ.

ನನ್ನ ಸಿಟ್ಟೆಲ್ಲ ನಿಮ್ಮ ತಮ್ಮನವರ ಮೇಲೆ. ‘ಹೆತ್ತವಳು ಸೋಲಬೇಕಕ್ಕಾ’ ಎಂದರಂತೆ. ಅಕ್ಕನನ್ನು ಬರಿಗೈ ಮಾಡಿ ಸೋದರಳಿಯಂದಿರ ಬಳಿ ಒಳ್ಳೆಯವನೆನಿಸಿಕೊಳ್ಳುವ ಇಂಥ ಹಿರಿಯರಿಂದಲೇ ಎಷ್ಟೋ ವಿಧವೆಯರು ಕೊನೆಗಾಲದಲ್ಲಿ ಔಷಧಿಯ ಹಣಕ್ಕೂ ಕೈಚಾಚುತ್ತಾರೆ. ಗಂಡ ಹೆಂಡತಿಗೆಂದು ಬಿಟ್ಟುಹೋದದ್ದು ಹೆಂಡತಿಯದು. ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ನೀವು ಮಾಡಬೇಕಾದದ್ದು ಒಂದೇ: ಸಹಿ ಹಾಕಬೇಡಿ. ನೋಂದಣಿಯಾದ ಬಿಡುಗಡೆ ಪತ್ರವನ್ನು ರದ್ದುಪಡಿಸುವುದು ಸುಲಭವಲ್ಲ, ನಿಮ್ಮನ್ನು ಮರಳಿ ಕರೆಸಲು ಒಟ್ಟೋ ಬರುತ್ತಾನೆಂಬ ಖಾತರಿಯೂ ಇಲ್ಲ. ಚಿಕ್ಕವನು ಫೋನ್ ಮಾಡಿದಾಗ ‘ಇಲ್ಲ ಮಗನೇ, ಸಹಿ ಮಾಡುವುದಿಲ್ಲ’ ಎಂದು ಹೇಳಿ, ಆ ತಿಂಗಳ ಅಕ್ಕಿಯನ್ನು ಹಾಸ್ಟೆಲಿಗೆ ಎಂದಿನಂತೆ ಕಳಿಸಿ.