ಮಸ್ಕ್ ಸಾಕು, ಎಚ್‌ಆರ್ ಕೋಣೆಗೆ ಬನ್ನಿ

ನಮಸ್ಕಾರ.

‘ನಾಳೆಯ ದೊರೆಗಳು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೆ ಒಂದು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಕಾರಣ ನಿಮ್ಮ ಆರನೇ ಪುಟ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ವಾದ ಇಷ್ಟು: ಟೆಕ್ ಕಂಪನಿಗಳ ಒಡೆಯರು ಸರ್ಕಾರಗಳನ್ನು ಕೊಂಡುಕೊಂಡಿದ್ದಾರೆ, ಎಐ ನಮ್ಮ ಕೆಲಸ ಕಸಿಯುತ್ತದೆ, ಕೊನೆಗೆ ಇವರೇ ಚುನಾವಣೆಗೆ ನಿಂತು ನಮ್ಮನ್ನು ಆಳುತ್ತಾರೆ. ಮೊದಲ ನಾಲ್ಕು ಪುಟ ಪೂರ್ತಿ ಅಮೆರಿಕ. 2025ರ ಜನವರಿ 20ರಂದು ಟ್ರಂಪ್ ಪ್ರಮಾಣವಚನಕ್ಕೆ ಮಸ್ಕ್, ಬೆಜೋಸ್, ಜುಕರ್‌ಬರ್ಗ್, ಪಿಚೈ ಬಂದು ಕೂತಿದ್ದರ ವರ್ಣನೆಗೇ ಒಂದು ಪುಟ ಹೋಗಿದೆ. ಆ ಫೋಟೊ ಎಲ್ಲರೂ ನೋಡಿದ್ದಾರೆ. ಆ ಚುನಾವಣೆಗೆ ಮಸ್ಕ್ 25 ಕೋಟಿ ಡಾಲರಿಗೂ ಜಾಸ್ತಿ ಸುರಿದದ್ದು ಕೂಡ ಹಳೇ ಸುದ್ದಿ. ಅದರ ಮೇಲೆ ನೀವು ಸೇರಿಸಿರುವುದು ಸಿಟ್ಟೊಂದೇ. ಅದು ಓದುಗರ ಹತ್ತಿರ ಬೇಕಾದಷ್ಟಿದೆ.

ಅಮೆರಿಕ ಬೇಕೇ ಬೇಕು ಅಂದರೆ ಕ್ಯಾಲಿಫೋರ್ನಿಯಾ ನೋಡಿ. ಆ್ಯಪ್ ಚಾಲಕರನ್ನು ಉದ್ಯೋಗಿಗಳು ಅಂತ ಪರಿಗಣಿಸುವ ದಾರಿ ತೆರೆದ ಕಾನೂನು 2019ರಲ್ಲಿ ಬಂತು. ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮುಂತಾದವು 20 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ, 2020ರ ನವೆಂಬರ್‌ನಲ್ಲಿ ಜನರ ಮತಕ್ಕೆ ಹಾಕಿಸಿ, ತಮಗೆ ವಿನಾಯಿತಿ ಗೆದ್ದುಕೊಂಡವು. ಅಲ್ಲಿ ದುಡ್ಡಿನ ಲೆಕ್ಕವಾದರೂ ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಅಷ್ಟು ಖರ್ಚೇ ಬೇಕಾಗುವುದಿಲ್ಲ. ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

ಅದಕ್ಕೂ ಮುಂಚೆ ಒಂದು ತಪ್ಪು. ‘ಶೇ 47ರಷ್ಟು ಉದ್ಯೋಗಗಳು ಮಾಯವಾಗಲಿವೆ ಎಂದು ಆಕ್ಸ್‌ಫರ್ಡ್ ಹೇಳಿದೆ’ ಅಂತ ಬರೆದಿದ್ದೀರಿ. 2013ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರಾದ ಫ್ರೇ ಮತ್ತು ಆಸ್ಬೋರ್ನ್ ಹೇಳಿದ್ದು ಬೇರೆ. ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಂತ್ರದ ಪಾಲಾಗುವ ಅಪಾಯ ಹೆಚ್ಚು ಅಂದಿದ್ದರು. ಹೋಗಿಯೇ ತೀರುತ್ತವೆ ಅನ್ನಲಿಲ್ಲ, ಬೆಂಗಳೂರಿನ ಬಗ್ಗೆಯಂತೂ ಹೇಳಲೇ ಇಲ್ಲ. ಈ ಸಂಖ್ಯೆ ಇಷ್ಟು ವರ್ಷ ಬಾಯಿಂದ ಬಾಯಿಗೆ ದಾಟಿ ಸವೆದು ಹೋಗಿದೆ. ತೆಗೆದುಬಿಡಿ.

‘ಇವರೇ ಚುನಾವಣೆಗೆ ನಿಂತು ಆಳುತ್ತಾರೆ’ ಅನ್ನುವ ಮಾತೂ ನಿಲ್ಲುವುದಿಲ್ಲ. ಆ ಪ್ರಯೋಗ ನಮ್ಮಲ್ಲಿ ಆಗಿದೆ. 2014ರಲ್ಲಿ ಇನ್ಫೊಸಿಸ್ ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ಬೆಂಗಳೂರು ದಕ್ಷಿಣದಲ್ಲಿ ನಿಂತು ಅನಂತಕುಮಾರ್ ಎದುರು ಸೋತರು. ಆದರೆ ಅದಕ್ಕೆ ಮೊದಲೇ, 1999ರಲ್ಲಿ ಎಸ್.ಎಂ. ಕೃಷ್ಣ ನೇಮಿಸಿದ ಬೆಂಗಳೂರು ಕಾರ್ಯಪಡೆಗೆ ಅವರೇ ಅಧ್ಯಕ್ಷರಾಗಿದ್ದರು, 2009ರಲ್ಲಿ ಆಧಾರ್ ಪ್ರಾಧಿಕಾರಕ್ಕೂ ಅಧ್ಯಕ್ಷರಾದರು. ಆ ಎರಡು ಕುರ್ಚಿಗಳಿಗೆ ವೋಟು ಬೇಕಾಗಿರಲಿಲ್ಲ. ಅವರು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಚರ್ಚೆ. ಅಧಿಕಾರ ಯಾವ ಬಾಗಿಲಿಂದ ಬರುತ್ತದೆ ಅನ್ನುವುದು ನಿಮ್ಮ ವಿಷಯ, ಅಲ್ವಾ?

ಈಗ ಆರನೇ ಪುಟ. ಮೂರೇ ಮೂರು ಸಾಲು ಬರೆದು ಮುಂದೆ ಓಡಿದ್ದೀರಿ. ನಿಮ್ಮ ಟೀಮಿನ ಹುಡುಗಿಯನ್ನು ಮಧ್ಯಾಹ್ನ ಊಟದ ಹೊತ್ತಿಗೆ ಮೀಟಿಂಗ್ ರೂಮಿಗೆ ಕರೆದರು. ‘ನೀವೇ ರಿಸೈನ್ ಮಾಡಿದರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ’ ಅಂದರು. ಅವಳು ಅಲ್ಲೇ ಲ್ಯಾಪ್‌ಟಾಪಿನಲ್ಲಿ ಮೇಲ್ ಟೈಪ್ ಮಾಡಿದಳು. ಅದು ಹೋದ ಮೇಲೆ ಲ್ಯಾಪ್‌ಟಾಪ್ ಇಸಕೊಂಡರು. ಟಿಫಿನ್ ಡಬ್ಬಿ ತರಲು ಸೀಟಿಗೂ ಬಿಡಲಿಲ್ಲ, ಸೆಕ್ಯುರಿಟಿಯವರೇ ತಂದುಕೊಟ್ಟರು. ಆಮೇಲೆ ನೀವು ‘ಇದು ಜಾಗತಿಕ ಬಂಡವಾಳಶಾಹಿಯ ಕ್ರೂರ ಮುಖ’ ಅಂತ ಬರೆದು ಮಸ್ಕ್ ಹತ್ತಿರ ವಾಪಸ್ ಹೋಗಿದ್ದೀರಿ. ಯಾಕೆ ಹೋದಿರಿ? ಒಂದು ಪ್ರಶ್ನೆ ಕೇಳಬೇಕಿತ್ತು. ಕಂಪನಿಯೇ ತೆಗೆಯುವುದಾದರೆ ತೆಗೆದುಹಾಕಲಿ, ಅವಳ ಕೈಯಲ್ಲೇ ಯಾಕೆ ಬರೆಸಿಕೊಳ್ಳಬೇಕು?

ಉತ್ತರ ಒಂದು ಸರ್ಕಾರಿ ಕಡತದಲ್ಲಿದೆ. 1946ರ ಸ್ಥಾಯಿ ಆದೇಶಗಳ ಕಾಯ್ದೆ ಅಂತ ಒಂದಿತ್ತು. ಕೆಲಸದ ಷರತ್ತು, ರಜೆ, ದುರ್ನಡತೆ ಅಂದರೇನು, ಕೆಲಸದಿಂದ ತೆಗೆಯುವ ಕ್ರಮ ಏನು, ಇವನ್ನೆಲ್ಲ ಮಾಲೀಕರು ಬರೆದು ಪ್ರಮಾಣೀಕರಿಸಿಕೊಳ್ಳಬೇಕು ಅಂತ ಅದು ಹೇಳುತ್ತಿತ್ತು. ಕರ್ನಾಟಕ ಐಟಿ ಕಂಪನಿಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತು. 2014ರಲ್ಲಿ ಐದು ವರ್ಷ, 2019ರಲ್ಲಿ ಇನ್ನೈದು, 2024ರಲ್ಲಿ ಮತ್ತೆ ಐದು. ನಡುವೆ ಪಕ್ಷಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು, ಅಧಿಸೂಚನೆ ಬದಲಾಗಲಿಲ್ಲ. ಷರತ್ತುಗಳೇನೋ ಇದ್ದವು: ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮ ಕೈಗೊಂಡರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ರಾಜೀನಾಮೆ ಆ ಪಟ್ಟಿಯಲ್ಲಿಲ್ಲ. ಇತ್ತ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ತಾನಾಗಿ ಬಿಟ್ಟವರಿಗೆ ರಿಟ್ರೆಂಚ್‌ಮೆಂಟ್ ಪರಿಹಾರ, ಅಂದರೆ ಕಂಪನಿ ಕೆಲಸದಿಂದ ತೆಗೆದಾಗ ಕೊಡಬೇಕಾದ ಹಣ, ಇರಲಿಲ್ಲ. ಅವಳು ಟೈಪ್ ಮಾಡಿದ ಆ ಎರಡು ಸಾಲಿನ ಬೆಲೆ ಅದು. (ಐಟಿ ಉದ್ಯೋಗಿ ಕಾನೂನಿನ ಲೆಕ್ಕದಲ್ಲಿ ‘ವರ್ಕ್‌ಮನ್’, ಅಂದರೆ ಈ ಕಾಯ್ದೆಗಳ ರಕ್ಷಣೆ ಸಿಗುವ ಕಾರ್ಮಿಕ, ಹೌದೋ ಅಲ್ಲವೋ ಅನ್ನುವ ಜಗಳ ಬೇರೆ ಇದೆ. ಒಂದು ಪ್ಯಾರಾದಲ್ಲಿ ಮುಗಿಸಿ, ಅದರಲ್ಲೇ ಮುಳುಗಬೇಡಿ.) 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದು ಈ ಎರಡೂ ಹಳೇ ಕಾಯ್ದೆಗಳ ಜಾಗ ಹಿಡಿದಿವೆ. ಸ್ಥಾಯಿ ಆದೇಶ ಈಗ 300 ಮತ್ತು ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ. ಅಲ್ಲೂ ವಿನಾಯಿತಿ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲೇ ಉಳಿದಿದೆ. ಇದನ್ನು ಬಿಡದೆ ಬರೆಯಿರಿ.

ಇನ್ನು ‘ಸರ್ಕಾರಗಳೆಲ್ಲ ಇವರ ಕೈಗೊಂಬೆ’ ಅನ್ನುವ ವಾಕ್ಯ. ಬರೆಯಲು ಸುಲಭ, ನಿಲ್ಲಿಸಲು ಕಷ್ಟ. 2024ರ ಜುಲೈ 15ರಂದು ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಕರ್ನಾಟಕದ ಸಂಪುಟ ಒಪ್ಪಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಐಟಿ ಕಂಪನಿಗಳ ಸಂಘ ನಾಸ್ಕಾಂ ವಿರೋಧಿಸಿತು, ಕಂಪನಿಗಳು ಬೇರೆ ಕಡೆ ಹೋಗಬೇಕಾದೀತು ಅಂದಿತು. ಆಂಧ್ರದ ಸಚಿವ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಬನ್ನಿ ಅಂತ ಕರೆದರು. 17ರಂದು ಮಸೂದೆ ತಡೆಹಿಡಿದರು. ಎರಡೇ ದಿನ! ಇದು ನಿಮ್ಮ ವಾದಕ್ಕೆ ಪುಷ್ಟಿ ಅನ್ನಿಸಬಹುದು. ಆದರೆ ಹರಿಯಾಣದ ಅಂಥದೇ ಕಾನೂನನ್ನು 2023ರ ನವೆಂಬರ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತ್ತು ಅನ್ನುವುದನ್ನೂ ಹೇಳಬೇಕಾಗುತ್ತದೆ. ಮುಚ್ಚಿಟ್ಟರೆ ಓದುಗರು ಹಿಡಿಯುತ್ತಾರೆ.

ಕರ್ನಾಟಕದಲ್ಲಿ 2024ರ ಅದೇ ಜುಲೈನಲ್ಲಿ ಇನ್ನೊಂದು ಪ್ರಸ್ತಾವ ಬಂತು. ಐಟಿ, ಬಿಪಿಒ ನೌಕರರಿಂದ ದಿನಕ್ಕೆ 12 ಗಂಟೆಗೂ ಹೆಚ್ಚು ದುಡಿಸಿಕೊಳ್ಳಬಹುದು, ಮೂರು ತಿಂಗಳಲ್ಲಿ ಹೆಚ್ಚುವರಿ 125 ಗಂಟೆ ಮೀರದಿದ್ದರೆ ಸಾಕು. ನೌಕರರ ಸಂಘಟನೆ ಕೆಐಟಿಯು ಬೀದಿಗಿಳಿಯಿತು. ಉದ್ಯಮದ ಒತ್ತಡ ಇದೆ ಅಂತ ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಹೇಳಿದರು. ಅದೇ ಸರ್ಕಾರ 2024ರ ಜೂನ್‌ನಲ್ಲಿ ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರ ಕರಡು ಮಸೂದೆ ಹೊರಡಿಸಿತ್ತು. ಉದ್ಯಮ ಸಂಘಗಳು ಅದಕ್ಕೂ ಆಕ್ಷೇಪ ಎತ್ತಿದವು. ಆದರೂ 2025ರ ಮೇನಲ್ಲಿ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ. ಡೆಲಿವರಿ ಹುಡುಗರಿಗೆ, ಕ್ಯಾಬ್ ಚಾಲಕರಿಗೆ ಆ್ಯಪ್ ಕೊಡುವ ಹಣದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಂಪನಿಯೇ ಕಟ್ಟಬೇಕು. ಕೈಗೊಂಬೆ ಹೀಗೂ ಮಾಡುತ್ತದೆಯೇ?

ನನಗೆ ಅನ್ನಿಸುವುದು ಇದು. ಪೇಪರಿನಲ್ಲಿ ಗಲಾಟೆಯಾದ ಕಡೆ ಸರ್ಕಾರ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತದೆ. ಐದು ವರ್ಷಕ್ಕೊಮ್ಮೆ ಮೌನವಾಗಿ ನವೀಕರಣವಾಗುವ ಕಾಗದದಲ್ಲಿ ಮಾತ್ರ ಇಷ್ಟು ವರ್ಷ ಒಂದೇ ಕಡೆ ನಿಂತಿತು. ನೀವು ಒಪ್ಪದಿದ್ದರೆ ವಾದ ಮಾಡಿ, ಖುಷಿಯಾಗಿ ಓದುತ್ತೇನೆ. ಆದರೆ ವಾದ ಅಧಿಸೂಚನೆಯನ್ನು ಮುಂದಿಟ್ಟುಕೊಂಡು ಬರಲಿ.

ಮತ್ತೆ ಬರೆಯುವಾಗ 1,200 ಪದ ದಾಟಬೇಡಿ. ‘ಕಾರ್ಪೊರೇಟ್ ಶಕ್ತಿಗಳು’ ಅನ್ನುವುದು ಹದಿನೇಳು ಕಡೆ ಇದೆ, ಒಂದೂ ಉಳಿಯಬಾರದು. ಯಾರು, ಯಾವ ಸಂಘ, ಯಾವ ತಾರೀಕು ಅಂತ ಬರೆಯಿರಿ. ವಿನಾಯಿತಿಯ ಷರತ್ತಿನಂತೆ ಕಂಪನಿಗಳು ಎಷ್ಟು ವರದಿ ಸಲ್ಲಿಸಿವೆ ಅಂತ ಕಾರ್ಮಿಕ ಇಲಾಖೆಗೆ ಆರ್‌ಟಿಐ ಅರ್ಜಿ ಹಾಕಿ. ಹತ್ತು ರೂಪಾಯಿ ಖರ್ಚು, ಒಂದು ತಿಂಗಳ ಕಾಯುವಿಕೆ. ಉತ್ತರ ಬರದಿದ್ದರೆ ಅದನ್ನೂ ಬರೆಯಬಹುದು.

ಅರ್ಜಿಗಿಂತ ಮೊದಲು ಆ ಹುಡುಗಿಗೆ ಫೋನ್ ಮಾಡಿ. ಅವಳ ಕಥೆ ಅಚ್ಚಾಗುವುದು ಅವಳಿಗೆ ಗೊತ್ತಿದೆಯಾ? ಹೊಸ ಕೆಲಸ ಹುಡುಕುತ್ತಿರಬಹುದು, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅಂತ ಹಳೇ ಕಂಪನಿಗೇ ಫೋನ್ ಹೋಗುತ್ತದೆ. ಅವಳು ಬೇಡ ಅಂದರೆ ಆರನೇ ಪುಟವೂ ಬೇಡ. ಆಗ ಹೇಳಿ, ಬೇರೆ ದಾರಿ ಯೋಚಿಸೋಣ.

ಇಂತಿ,
ಸಂಪಾದಕ