ಫಲಕ ಬರೆಸುವ ಮೊದಲು

ಪ್ರಶ್ನೆ: ನಮ್ಮದು ಅನುದಾನಿತ ಕನ್ನಡ ಮಾಧ್ಯಮ ಶಾಲೆ. ಶಾಲೆಯ ಧ್ಯೇಯ, ಮೌಲ್ಯಗಳನ್ನು ಪಾಲಕರ ಜೊತೆ ಕೂತು ಬರೆಯಬೇಕೆಂದು ವ್ಯವಸ್ಥಾಪನ ಸಮಿತಿ ತೀರ್ಮಾನಿಸಿದೆ. ಸಭೆ ಕರೆದರೆ ಬರುವುದು ಐದಾರು ಜನ. ಅವರೂ ‘ಟೀಚರ್ ಹೇಳಿದ್ದೇ ಸರಿ’ ಎಂದು ಎದ್ದು ಹೋಗುತ್ತಾರೆ.
– ಸಮಿತಿಯ ಸದಸ್ಯೆ, ಮುಂಬಯಿ

ಉತ್ತರ: ಮೊದಲು ಸಭೆಯ ಹೊತ್ತು ಬದಲಿಸಿ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರಿಗೆ ಬೆಳಿಗ್ಗೆ ಹತ್ತು ಗಂಟೆ ಆಗಿಬರುವುದಿಲ್ಲ. ಊಟದ ಗಿರಾಕಿ ಮುಗಿದ ಮೇಲಿನ ಬಿಡುವು, ಅಂದರೆ ಮೂರರಿಂದ ನಾಲ್ಕೂವರೆ, ಹೊಂದುತ್ತದೆ. ಮನೆಗೆಲಸಕ್ಕೆ ಹೋಗುವ ತಾಯಂದಿರಿಗೆ ಇನ್ನೊಂದು ದಿನ ಬೇರೆಯೇ ಸಭೆ ಇಡಿ.

‘ಯಾವ ಮೌಲ್ಯ ಬೇಕು’ ಎಂದು ಕೇಳಿದರೆ ಶಿಸ್ತು, ಸಂಸ್ಕಾರ, ಗೌರವ – ಇಷ್ಟೇ ಬರುತ್ತವೆ. ‘ಏಳನೆಯ ತರಗತಿ ದಾಟುವಾಗ ನಿಮ್ಮ ಮಗುವಿಗೆ ಏನೇನು ಬರಬೇಕು? ಶಾಲೆಯಿಂದ ಬಂದ ಮಗು ಯಾವ ದಿನ ಮುಖ ಸಪ್ಪಗೆ ಮಾಡಿಕೊಂಡಿರುತ್ತದೆ?’ ಎಂದು ಕೇಳಿ. ಆರಾರು ಜನರ ಗುಂಪು, ತಲೆಗೆ ಮೂರು ಚೀಟಿ, ಚೀಟಿಗೊಂದೇ ಮಾತು. ಬರೆಯಲು ಬಾರದವರು ಹೇಳಿದ್ದನ್ನು, ತುಳುವಿನಲ್ಲಿ ಹೇಳಿದರೂ ಸರಿ, ಪಕ್ಕದ ಪಾಲಕರು ಹಾಗೆಯೇ ಬರೆದುಕೊಳ್ಳಲಿ. ಶಿಕ್ಷಕರು ಬೇರೆ ಕೋಣೆಯಲ್ಲಿ ಬರೆಯಲಿ. ಎದುರಿಗಿದ್ದರೆ ಪಾಲಕರ ಬಾಯಿ ಕಟ್ಟುತ್ತದೆ. ಮಕ್ಕಳಿಂದಲೂ ಬರೆಸಿ, ಹೆಸರಿಲ್ಲದೆ.

ಒಂದೇ ಬಗೆಯ ಚೀಟಿಗಳನ್ನು ಒಟ್ಟು ಹಾಕಿದರೆ ನಾಲ್ಕೈದು ರಾಶಿಯಾಗುತ್ತವೆ. ಕೆಲಸ ಕೆಡುವುದು ಇಲ್ಲೇ: ರಾಶಿಗೊಂದು ದೊಡ್ಡ ಪದ ಅಂಟಿಸಿ ಮುಗಿಸಿಬಿಡುತ್ತಾರೆ. ‘ಗೌರವ’ ಎಂದಷ್ಟೇ ಬರೆದರೆ ನಾಳೆ ಗಣಿತದ ಪಿರಿಯಡ್ಡಿನಲ್ಲಿ ಏನು ಮಾಡಬೇಕೆಂದು ಯಾರಿಗೆ ತಿಳಿಯುತ್ತದೆ? ‘ತಪ್ಪು ಉತ್ತರಕ್ಕೆ ಯಾರೂ ನಗುವುದಿಲ್ಲ, ಹೇಗೆ ಮಾಡಿದೆ ತೋರಿಸು ಎಂದು ಶಿಕ್ಷಕರು ಕೇಳುತ್ತಾರೆ’ ಎಂದು ಬರೆಯಿರಿ. 52ರಲ್ಲಿ 27 ಕಳೆದು 35 ಬರೆದ ಮಗು, ಬಿಡಿಸ್ಥಾನದಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ ಎಂಬುದು ಹಾಗೆ ಕೇಳಿದಾಗಲೇ ಕಣ್ಣಿಗೆ ಬೀಳುವುದು.

ಕರಡನ್ನು ಎರಡು ವಾರ ವರಾಂಡದಲ್ಲಿ ತೂಗುಹಾಕಿ, ಪಕ್ಕದಲ್ಲೊಂದು ಪೆನ್ನು ಕಟ್ಟಿಡಿ. ತಿದ್ದಿದ ಮೇಲೆ ಶಾಲಾ ಅಭಿವೃದ್ಧಿ ಯೋಜನೆಗೆ ಸೇರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮಿನಂತೆ, ಸರಕಾರಿ ಶಾಲೆಗಳಲ್ಲಿ ಆ ಯೋಜನೆ ಮಾಡುವುದು ಸಮಿತಿಯದೇ ಹೊಣೆ. ಆದರೆ ನೀವು ಗಮನಿಸಬೇಕಾದ್ದೊಂದಿದೆ: ನಿಮ್ಮದು ಅನುದಾನಿತ ಶಾಲೆಯಾದ್ದರಿಂದ, 2012ರ ತಿದ್ದುಪಡಿಯ ಪ್ರಕಾರ ಸಮಿತಿಗಿರುವುದು ಸಲಹೆ ಕೊಡುವ ಅಧಿಕಾರವಷ್ಟೇ. ಹಾಗಾಗಿ ಆಡಳಿತ ಮಂಡಳಿಯಿಂದ ಠರಾವು ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮುಖ್ಯೋಪಾಧ್ಯಾಯರು ಬದಲಾದ ದಿನವೇ ಇದೂ ಮೂಲೆಗೆ ಬೀಳುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಧ್ಯೇಯ, ಮೌಲ್ಯಗಳ ಫಲಕ ಹಾಕಿ ವರ್ಷವಾಯಿತು. ಅದರಂತೆ ನಡೆಯುತ್ತಿದೆಯೇ ಎಂದು ನೋಡುವುದು ಹೇಗೆ?
– ಪಾಲಕರು, ಪುಣೆ

ಉತ್ತರ: ಒಂದು ಸತ್ರಕ್ಕೆ ಫಲಕದ ಒಂದು ವಾಕ್ಯವನ್ನು ನೋಡಿದರೆ ಸಾಕು. ಇಬ್ಬರು ಪಾಲಕರು, ಒಬ್ಬ ಶಿಕ್ಷಕರು ಮೂರು ತರಗತಿಗಳಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ಹಿಂದೆ ಕೂತು, ಕಂಡದ್ದನ್ನಷ್ಟೇ ಬರೆಯಲಿ. ಶಿಕ್ಷಕರ ಹೆಸರು ಬರೆಯಕೂಡದು. ಬರೆದರೆ ಅದು ತಪಾಸಣೆಯಾಗಿ, ಮುಂದಿನ ಸಲ ಕಾಣುವುದೆಲ್ಲ ತೋರಿಕೆಯ ಪಾಠ. ‘ದಿನಕ್ಕೆ ಹದಿನೈದು ನಿಮಿಷ ಓದು’ ಎಂದಿದ್ದೂ ಮಕ್ಕಳ ಕೈಯಲ್ಲಿ ಪುಸ್ತಕ ಕಾಣದಿದ್ದರೆ, ಕಪಾಟಿಗೆ ಬೀಗ ಹಾಕಿದೆಯೇ ನೋಡಿ. ಕಳೆದುಹೋದ ಪುಸ್ತಕಕ್ಕೆ ಶಿಕ್ಷಕರೇ ದುಡ್ಡು ತೆರಬೇಕೆಂದಿದ್ದರೆ ಅವರು ಬೀಗ ತೆಗೆಯುವುದಿಲ್ಲ. ವರ್ಷಕ್ಕೆ ಇಷ್ಟು ಪುಸ್ತಕ ಹರಿಯುತ್ತವೆ, ಕಳೆಯುತ್ತವೆ ಎಂದು ಸಮಿತಿಯೇ ಮೊದಲು ಒಪ್ಪಿ ಬರೆದುಕೊಡಲಿ.